ಕಿಡ್ನಿ ರೋಗವೆಂದು ಗೊತ್ತಾಗಿದೆಯಲ್ಲ, ಮತ್ತೆ ಸೂಜಿ ಏಕೆ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ. ನನ್ನ ಪತಿಗೆ 44 ವರ್ಷ. ನಾಲ್ಕು ವರ್ಷದಿಂದ ಬಿ.ಪಿ. ಮಾತ್ರೆ, ಎರಡು ವರ್ಷದಿಂದ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದಾರೆ. ಎಂಟು ತಿಂಗಳ ಹಿಂದೆ 1.6 ಇದ್ದ ಕ್ರಿಯಾಟಿನಿನ್ ಈಗ 2.3 ಆಗಿದೆ. ಮೂತ್ರದಲ್ಲಿ ಪ್ರೋಟೀನ್ 3+, ಕೆಂಪು ರಕ್ತಕಣಗಳೂ ಇವೆ. ಸ್ಕ್ಯಾನಿಂಗ್‌ನಲ್ಲಿ ಎರಡೂ ಕಿಡ್ನಿಗಳ ಗಾತ್ರ ಸರಿಯಿದೆಯಂತೆ. ಮಂಗಳೂರಿನ ತಜ್ಞರು ಬಯಾಪ್ಸಿ ಮಾಡಿಸಬೇಕೆನ್ನುತ್ತಾರೆ. ಅತ್ತೆಗೆ ಬಯಾಪ್ಸಿ ಎಂದರೆ ಕ್ಯಾನ್ಸರ್ ಎಂಬ ಹೆದರಿಕೆ. ನೆರೆಮನೆಯವರೊಬ್ಬರಿಗೆ ಬಯಾಪ್ಸಿ ಮಾಡಿದ ಆರೇ ತಿಂಗಳಲ್ಲಿ ಡಯಾಲಿಸಿಸ್ ಶುರುವಾಯಿತು. ಭಾವ ಕೇಳುವುದು, "ಬಿ.ಪಿ., ಸಕ್ಕರೆಯಿಂದ ಬಂದದ್ದೆಂದು ಗೊತ್ತೇ ಇದೆ, ಏನೇ ಬಂದರೂ ಅದೇ ಮಾತ್ರೆ ತಾನೇ ಕೊಡುವುದು?" ಎಂದು. ಇದು ಎಂಡೋಸಲ್ಫಾನ್ ಕೀಟನಾಶಕದಿಂದ ಆದದ್ದೋ ಎಂದಾದರೂ ಅದರಲ್ಲಿ ಗೊತ್ತಾಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿರುವ ಪ್ರಶ್ನೆಗಳಲ್ಲಿ ಭಾವ ಕೇಳಿದ್ದೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಏನೇ ಬಂದರೂ ಅದೇ ಮಾತ್ರೆ ಎಂದಾದರೆ ಬಯಾಪ್ಸಿ ಮಾಡಿಸಲೇಬಾರದು. ಅಷ್ಟು ಖರ್ಚು ಮಾಡಿ, ಒಂದು ರಾತ್ರಿ ಆಸ್ಪತ್ರೆಯಲ್ಲಿ ಅಂಗಾತ ಮಲಗಿ, ಸಣ್ಣದಾದರೂ ಇದ್ದೇ ಇರುವ ಅಪಾಯವನ್ನು ಸುಮ್ಮನೆ ಮೈಮೇಲೆ ಎಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಆದರೆ ನಿಮ್ಮ ಯಜಮಾನರ ವಿಷಯದಲ್ಲಿ ಅದೇ ಮಾತ್ರೆ ಆಗಲಿಕ್ಕಿಲ್ಲ ಎಂದು ನನಗನಿಸುತ್ತದೆ. ನಾನು ರೋಗಿಯ ನಾಡಿ ಹಿಡಿಯುವ ವೈದ್ಯನಲ್ಲ, ಅವರ ಕಿಡ್ನಿಯಿಂದ ತೆಗೆದ ಎಳೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವವನು. ಕುಂಬಳೆ ಸೀಮೆಯವನೇ ಆದ್ದರಿಂದ ನಿಮ್ಮ ಮನೆಯ ಜಗಲಿಯಲ್ಲಿ ನಡೆಯುತ್ತಿರುವ ಚರ್ಚೆ ಹೇಗಿದ್ದೀತು ಎಂಬ ಅಂದಾಜೂ ನನಗಿದೆ.

ವೈದ್ಯರ ಚೀಟಿಯಲ್ಲಿ ಸಿಕೆಡಿ ಎಂಬ ಮೂರು ಅಕ್ಷರ ಇರುತ್ತದೆ. ದೀರ್ಘಕಾಲದ ಕಿಡ್ನಿ ರೋಗ ಎಂದು ಅದರ ಅರ್ಥ. ಅದನ್ನು ಓದಿದ ಮನೆಯವರು ರೋಗ ಯಾವುದೆಂದು ಗೊತ್ತಾಯಿತು ಎಂದುಕೊಳ್ಳುತ್ತಾರೆ. ಗೊತ್ತಾದದ್ದು ಇಷ್ಟೇ: ಮೂರು ತಿಂಗಳಿಗಿಂತ ಹೆಚ್ಚು ಕಾಲದಿಂದ ಕಿಡ್ನಿಯ ಸೋಸುವ ವೇಗ ನಿಮಿಷಕ್ಕೆ 60 ಮಿಲಿಲೀಟರಿಗಿಂತ ಕೆಳಗಿದೆ, ಇಲ್ಲವೇ ಪ್ರೋಟೀನ್ ಸೋರುವಂಥ ಹಾನಿಯ ಗುರುತು ಇದೆ. ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದೊಳಗಿನ ಕಸ ಕ್ರಿಯಾಟಿನಿನ್. ನಿಮ್ಮ ಯಜಮಾನರ ವಯಸ್ಸಿಗೆ ಅದು 2.3 ಎಂದರೆ ಆ ವೇಗ ಸುಮಾರು 35. ತೋಟದವರಿಗೆ ಇದನ್ನು ಹೇಳುವುದು ಸುಲಭ. ಅಡಿಕೆ ಮರದ ಸೋಗೆ ಹಳದಿಯಾಗಿದೆ ಎಂದರೆ ರೋಗದ ಹೆಸರು ಹೇಳಿದಂತಾಯಿತೇ? ನೀರು ಬಸಿಯದೆ ಬೇರು ಕೊಳೆತಿರಬಹುದು, ಬೇರುಹುಳ ಮೇಯ್ದಿರಬಹುದು, ಗೊಬ್ಬರ ಸಾಲದೆ ಹೋಗಿರಬಹುದು, ನಿಜವಾದ ಹಳದಿ ಎಲೆ ರೋಗವೇ ತಗಲಿರಬಹುದು. ಅಂಗಳದಲ್ಲಿ ನಿಂತು ನೋಡಿದರೆ ನಾಲ್ಕೂ ಒಂದೇ ಹಳದಿ. ಬುಡ ಬಿಡಿಸಿ ಬೇರು ನೋಡದೆ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯ ವಿಜ್ಞಾನಿಯೂ ಹೆಸರು ಹೇಳಲಾರ. ಕ್ರಿಯಾಟಿನಿನ್ ಎಂಬುದು ಆ ಹಳದಿ. ಅದೂ ತಡವಾಗಿ ಕಾಣುವ ಹಳದಿ: ಕಿಡ್ನಿಯ ಅರ್ಧದಷ್ಟು ಶಕ್ತಿ ಹೋಗುವವರೆಗೂ ಅದು ಅಷ್ಟಾಗಿ ಏರುವುದಿಲ್ಲ.

ಇನ್ನು "ಬಿ.ಪಿ., ಸಕ್ಕರೆಯಿಂದ ಬಂದದ್ದೆಂದು ಗೊತ್ತೇ ಇದೆ" ಎಂಬ ಮಾತು. ಅದು ಗೊತ್ತಿಲ್ಲ, ಊಹೆ. ಬಿ.ಪಿ. ಕಿಡ್ನಿಯನ್ನು ಕೆಡಿಸುತ್ತದೆ, ನಿಜ. ಕೆಟ್ಟ ಕಿಡ್ನಿಯೂ ಬಿ.ಪಿ.ಯನ್ನು ಏರಿಸುತ್ತದೆ. ನಲವತ್ತರಲ್ಲಿ ಬಿ.ಪಿ. ಕಂಡ ಮನುಷ್ಯನಲ್ಲಿ ಯಾವುದು ಮೊದಲು ಬಂತು, ಯಾವುದು ಅದರ ಬೆನ್ನಿಗೆ ಬಂತು ಎಂದು ಹೊರಗಿನಿಂದ ಹೇಳುವುದು ಕಷ್ಟ. ಸಕ್ಕರೆ ಕಾಯಿಲೆ ಕಿಡ್ನಿಯನ್ನು ಈ ಮಟ್ಟಕ್ಕೆ ಹಾಳುಮಾಡಲು ಸಾಮಾನ್ಯವಾಗಿ ಹತ್ತಾರು ವರ್ಷ ಬೇಕು. ನಿಮ್ಮಲ್ಲಿ ಅದು ಕಂಡು ಎರಡೇ ವರ್ಷ. ಗೊತ್ತಾಗದೆ ಮೊದಲೇ ಇದ್ದಿರಲೂಬಹುದು, ಆದ್ದರಿಂದ ಕಣ್ಣಿನ ವೈದ್ಯರಲ್ಲಿ ರೆಟಿನಾ ಪರೀಕ್ಷೆ ಆಗಿದೆಯೇ ನೋಡಿ. ಸಕ್ಕರೆಯಿಂದ ಕಿಡ್ನಿ ಕೆಟ್ಟವರಲ್ಲಿ ಬಹಳ ಮಂದಿಗೆ ರೆಟಿನಾದ ಸಣ್ಣ ರಕ್ತನಾಳಗಳೂ ಕೆಟ್ಟಿರುತ್ತವೆ. ರೆಟಿನಾ ಶುಭ್ರವಾಗಿದ್ದು, ಮೂತ್ರದಲ್ಲಿ ರಕ್ತಕಣ ಇದ್ದು, ಎಂಟು ತಿಂಗಳಲ್ಲಿ ಕ್ರಿಯಾಟಿನಿನ್ 1.6ರಿಂದ 2.3ಕ್ಕೆ ಜಿಗಿದಿದ್ದರೆ ಸಕ್ಕರೆಯ ತಲೆಗೆ ತಪ್ಪು ಕಟ್ಟಿ ಸುಮ್ಮನಿರಲಾಗುವುದಿಲ್ಲ. ಸಕ್ಕರೆ ಕಾಯಿಲೆಯವರ ಬಯಾಪ್ಸಿಯಲ್ಲಿ ಸಕ್ಕರೆಗೆ ಸಂಬಂಧವೇ ಇಲ್ಲದ ಬೇರೆ ರೋಗ ಸಿಗುವುದು, ಅಥವಾ ಎರಡೂ ಒಟ್ಟಿಗೆ ಇರುವುದು ನಮಗೆ ಹೊಸತಲ್ಲ.

ಮಂಗಳೂರಿನ ತಜ್ಞರು ಬಯಾಪ್ಸಿ ಕೇಳಿದ್ದು ಈ ಲೆಕ್ಕಾಚಾರದಿಂದಲೇ ಇರಬೇಕು. ಅತ್ತೆಯವರಿಗೆ ಹೇಳಿ: ಇದಕ್ಕೂ ಕ್ಯಾನ್ಸರಿಗೂ ಸಂಬಂಧವಿಲ್ಲ. ಬಯಾಪ್ಸಿ ಎಂದರೆ ದೇಹದ ಒಂದು ಚೂರನ್ನು ತೆಗೆದು ನೋಡುವುದು, ಅಷ್ಟೇ. ಈ ಪರೀಕ್ಷೆಯಲ್ಲಿ ನಾವು ಗಡ್ಡೆಯನ್ನು ಹುಡುಕುತ್ತಲೂ ಇಲ್ಲ.

ಆ ಚೂರು ಎಷ್ಟು ದೊಡ್ಡದು ಎಂದು ಅವರಿಗೆ ತೋರಿಸಬೇಕಾದರೆ ಒತ್ತು ಶ್ಯಾವಿಗೆಯ ಒಂದು ಎಳೆ ತೆಗೆದುಕೊಳ್ಳಿ. ಅದಕ್ಕಿಂತ ತೆಳ್ಳಗೆ, ಒಂದು ಮಿಲಿಮೀಟರಿಗೂ ಕಡಿಮೆ ದಪ್ಪ, ಒಂದು ಒಂದೂವರೆ ಸೆಂಟಿಮೀಟರ್ ಉದ್ದ. ಅಂಥ ಎರಡು ಎಳೆಗಳು ನನಗೆ ಸಾಕು. ರೋಗಿಯನ್ನು ಹೊಟ್ಟೆಯಡಿ ದಿಂಬಿಟ್ಟು ಬೋರಲಾಗಿ ಮಲಗಿಸಿ, ಬೆನ್ನಿನ ಆ ಜಾಗವನ್ನು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಅಲ್ಟ್ರಾಸೌಂಡಿನಲ್ಲಿ ಕಿಡ್ನಿಯ ಕೆಳತುದಿಯನ್ನು ನೋಡುತ್ತ ಸೂಜಿಯನ್ನು ಇಳಿಸುತ್ತಾರೆ. "ಉಸಿರು ಹಿಡಿಯಿರಿ" ಎನ್ನುತ್ತಾರೆ, ಸ್ಪ್ರಿಂಗ್ ಬಿಟ್ಟ ಸದ್ದು ಟಕ್ ಎಂದು ಕೇಳುತ್ತದೆ. ನೋವಿಗಿಂತ ಆ ಸದ್ದಿಗೇ ಜನ ಬೆಚ್ಚುವುದು ಹೆಚ್ಚು. ಒಂದೊಂದು ಕಿಡ್ನಿಯಲ್ಲಿ ಸರಾಸರಿ 10 ಲಕ್ಷದಷ್ಟು ಸೋಸುವ ಘಟಕಗಳಿವೆ. ಸೂಜಿಯಲ್ಲಿ ಬರುವುದು ಇಪ್ಪತ್ತೋ ಮೂವತ್ತೋ. "ಸೂಜಿ ಹಾಕಿದರೆ ಇದ್ದ ಕಿಡ್ನಿಯೂ ಹೋಗುತ್ತದೆ" ಎನ್ನುವವರ ಮುಂದೆ ಈ ಎರಡು ಸಂಖ್ಯೆಗಳನ್ನು ಇಡಿ.

ಎಳೆ ನನ್ನ ಮೇಜಿಗೆ ಬಂದ ಮೇಲಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ "ಮತ್ತೆ ಸೂಜಿ ಏಕೆ" ಎಂಬುದಕ್ಕೆ ಉತ್ತರ ಇರುವುದು ಅಲ್ಲಿ. ಮೇಣದಲ್ಲಿ ಹುದುಗಿಸಿದ ಎಳೆಯನ್ನು ಮಿಲಿಮೀಟರಿನ ಸಾವಿರದ ಎರಡು ಮೂರು ಭಾಗದಷ್ಟು ತೆಳುವಾಗಿ ಸವರಿ, ಗಾಜಿನ ಮೇಲೆ ಹರಡಿ, ನಾಲ್ಕು ಬಗೆಯ ಬಣ್ಣ ಹಾಕುತ್ತೇವೆ. ಸೋಸುವ ಘಟಕದ ತಲೆಯಲ್ಲಿ ಗ್ಲೋಮೆರುಲಸ್ ಎಂಬ ರಕ್ತನಾಳಗಳ ಉಂಡೆ ಇದೆ. ಅಗಲ ಮಿಲಿಮೀಟರಿನ ಐದನೆಯ ಒಂದು ಭಾಗ. ಆರೋಗ್ಯವಂತ ಉಂಡೆ ಸೂಕ್ಷ್ಮದರ್ಶಕದಲ್ಲಿ ಆಗತಾನೆ ಕಟ್ಟಿದ ಮಲ್ಲಿಗೆ ಚೆಂಡಿನಂತೆ ಕಾಣುತ್ತದೆ: ತೆಳು ಗೋಡೆಯ ಕುಣಿಕೆಗಳು, ನಡುನಡುವೆ ತೆರೆದ ಜಾಗ. ಬೆಳ್ಳಿಯ ಬಣ್ಣ ಹಾಕಿದರೆ ಆ ಗೋಡೆಗಳು ಮಸಿಯಲ್ಲಿ ಗೆರೆ ಎಳೆದಷ್ಟು ಸ್ಪಷ್ಟ. ಸತ್ತ ಉಂಡೆಯಲ್ಲಿ ಒಂದು ತೂತೂ ಉಳಿದಿರುವುದಿಲ್ಲ, ಗಟ್ಟಿ ಮುದ್ದೆಯಾಗಿರುತ್ತದೆ. ಸಕ್ಕರೆ ಕಾಯಿಲೆ ಬಲಿತ ಕಿಡ್ನಿಯಲ್ಲಿ ಉಂಡೆಯೊಳಗೆ ಗುಂಡು ಗುಂಡಾದ ಗಂಟುಗಳು ಎದ್ದಿರುತ್ತವೆ. 1936ರಲ್ಲಿ ಅವನ್ನು ಮೊದಲು ವಿವರಿಸಿದ ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ಅವರ ಹೆಸರಿನಲ್ಲೇ ಇಂದಿಗೂ ಕರೆಯುತ್ತೇವೆ. ಅವರು ನೋಡಿದ್ದು ತೀರಿಕೊಂಡವರ ಕಿಡ್ನಿಗಳನ್ನು. ಬದುಕಿರುವವರ ಬೆನ್ನಿನಿಂದ ಸೂಜಿ ಹಾಕಿ ಎಳೆ ತೆಗೆಯಬಹುದು ಎಂಬುದು ವೈದ್ಯಲೋಕದಲ್ಲಿ ಬೇರೂರಿದ್ದು 1951ರಲ್ಲಿ ಕೋಪನ್‌ಹೇಗನ್ನಿನ ಇವರ್ಸನ್ ಮತ್ತು ಬ್ರುನ್ ತಮ್ಮ ವಿಧಾನವನ್ನು ಪ್ರಕಟಿಸಿದ ಮೇಲೆ. ಅವರು ರೋಗಿಯನ್ನು ಕುಳ್ಳಿರಿಸಿ ಚುಚ್ಚುತ್ತಿದ್ದರು. ಬೋರಲು ಮಲಗಿಸುವ ಕ್ರಮ 1954ರದ್ದು, ಶಿಕಾಗೋದ ಕಾರ್ಕ್ ಮತ್ತು ಮ್ಯೂರ್ಕಿ ಅವರದ್ದು. ಆಗ ಅಲ್ಟ್ರಾಸೌಂಡ್ ಇರಲಿಲ್ಲ ಎಂಬುದನ್ನು ನೆನೆದರೆ ಅಂದಿನ ರೋಗಿಗಳ ಧೈರ್ಯಕ್ಕೆ ತಲೆಬಾಗಬೇಕು.

ಎರಡನೆಯ ಎಳೆಯ ದಾರಿ ಬೇರೆ. ಅದನ್ನು, ಮೊದಲನೆಯದರಂತೆ, ಕೊಳೆಯದಂತೆ ಕಾಪಾಡುವ ಫಾರ್ಮಲಿನ್‌ನಲ್ಲಿ ಹಾಕುವಂತಿಲ್ಲ. ಬೇರೆ ದ್ರಾವಣದಲ್ಲಿ ಬಂದ ಎಳೆಯನ್ನು ಹೆಪ್ಪುಗಟ್ಟಿಸಿ ಕತ್ತರಿಸಿ, ಹೊಳೆಯುವ ಬಣ್ಣ ಅಂಟಿಸಿದ ಪ್ರತಿಕಾಯಗಳನ್ನು ಅದರ ಮೇಲೆ ಬಿಟ್ಟು, ಕತ್ತಲ ಕೋಣೆಯಲ್ಲಿ ನೋಡುತ್ತೇವೆ. ಇದಕ್ಕೆ ಇಮ್ಯುನೊಫ್ಲೋರೆಸೆನ್ಸ್ ಎಂದು ಹೆಸರು. ಯಾವ ವಸ್ತು ಉಂಡೆಯೊಳಗೆ ಕುಳಿತಿದೆಯೋ ಅದು ಕಪ್ಪು ಹಿನ್ನೆಲೆಯಲ್ಲಿ ಹಸಿರಾಗಿ ಬೆಳಗುತ್ತದೆ. 1968ರಲ್ಲಿ ಪ್ಯಾರಿಸ್ಸಿನ ಬರ್ಜರ್ ಮತ್ತು ಹ್ಯಾಂಗ್ಲೆ ಹೀಗೆ ನೋಡಿಯೇ, ಐಜಿಎ ಎಂಬ ಪ್ರತಿಕಾಯ ಉಂಡೆಯೊಳಗೆ ಕುಳಿತು ಕೆಡಿಸುವ ಐಜಿಎ ನೆಫ್ರೋಪತಿ ಎಂಬ ರೋಗವನ್ನು ಗುರುತಿಸಿದರು. ರಕ್ತ ಪರೀಕ್ಷೆಯಿಂದಾಗಲಿ ಸ್ಕ್ಯಾನಿಂಗಿನಿಂದಾಗಲಿ ಅದನ್ನು ಇಂದಿಗೂ ಖಚಿತವಾಗಿ ಹೇಳಲಾಗುವುದಿಲ್ಲ. ಎಳೆಯೇ ಬೇಕು. ನಿಮ್ಮ ಯಜಮಾನರ ವಯಸ್ಸು, ರಕ್ತಕಣ, ಪ್ರೋಟೀನ್, ಬಿ.ಪಿ. ನಾಲ್ಕನ್ನೂ ಒಟ್ಟಿಗೆ ಇಟ್ಟರೆ ನನ್ನ ಮನಸ್ಸು ಮೊದಲು ಹೋಗುವುದು ಅಲ್ಲಿಗೇ. ಅವರನ್ನು ಒಂದು ಮಾತು ಕೇಳಿ ನೋಡಿ: ಹಿಂದೆ ಯಾವಾಗಲಾದರೂ ಗಂಟಲು ನೋವು, ಶೀತ ಆದ ಒಂದೆರಡು ದಿನದಲ್ಲಿ ಮೂತ್ರ ಹಾಲು ಹಾಕದ ಕಣ್ಣ ಚಹಾದ ಬಣ್ಣಕ್ಕೆ ತಿರುಗಿದ್ದುಂಟೇ? ಇದ್ದರೆ ಅದನ್ನು ಮಂಗಳೂರಿನವರಿಗೆ ಹೇಳಲೇಬೇಕು. ಇಲ್ಲದಿದ್ದರೆ ಐಜಿಎ ಅಲ್ಲ ಎಂದು ಅರ್ಥವಲ್ಲ. ಬಹಳ ಮಂದಿಗೆ ಅದು ಸದ್ದಿಲ್ಲದೆ ಬಂದಿರುತ್ತದೆ.

ಈ ಎರಡನೆಯ ಎಳೆಯ ವಿಷಯದಲ್ಲಿ ಒಂದು ಹೊಟ್ಟೆಯುರಿಯನ್ನು ಹೇಳದೆ ಇರಲಾರೆ. ಒಮ್ಮೆ ಒಂದು ಊರಿನಿಂದ ಎರಡೂ ಎಳೆಗಳು ಒಂದೇ ಫಾರ್ಮಲಿನ್ ಡಬ್ಬಿಯಲ್ಲಿ ಬಂದವು. ಬಸ್ಸಿನಲ್ಲಿ ಡಬ್ಬಿ ಹಿಡಿದು ತಂದವನು ರೋಗಿಯ ಮಗ, ಇಪ್ಪತ್ತರ ಹುಡುಗ. ಅಪ್ಪ ಆ ನೋವು ತಿಂದದ್ದರಲ್ಲಿ ಅರ್ಧ ನೀರಿಗೆ ಹೋಯಿತು. ಮೇಣದ ತುಂಡಿನಿಂದಲೇ ಹೇಗೋ ಸುತ್ತುದಾರಿಯಲ್ಲಿ ಉತ್ತರ ತೆಗೆದೆವು, ಆದರೆ ಅಂಥ ಉತ್ತರಕ್ಕೆ ಮೊದಲಿನ ನಂಬಿಕೆ ಇರುವುದಿಲ್ಲ. ಆದ್ದರಿಂದ ಎಲ್ಲಿ ಮಾಡಿಸಿದರೂ "ಇಮ್ಯುನೊಫ್ಲೋರೆಸೆನ್ಸಿಗೆ ಬೇರೆ ಬಾಟಲಿ ಇದೆಯಲ್ಲ?" ಎಂದು ಒಂದು ಮಾತು ಕೇಳಿ. ಕೇಳಿದರೆ ಯಾರೂ ಕೋಪಿಸಿಕೊಳ್ಳುವುದಿಲ್ಲ. ಕೋಪಿಸಿಕೊಂಡರೆ ಕೇಳಿದ್ದೇ ಒಳ್ಳೆಯದಾಯಿತು.

ರೋಗದ ಹೆಸರು ಎಳೆ ಹೇಳುವ ಅರ್ಧ ಮಾತು. ಉಳಿದರ್ಧವನ್ನು ನಾನು ಅದಕ್ಕಿಂತ ದೊಡ್ಡದೆಂದು ಬಗೆಯುತ್ತೇನೆ. ಹಾನಿಯಲ್ಲಿ ಎಷ್ಟು ಇನ್ನೂ ಹಸಿಯಾಗಿದೆ, ಎಷ್ಟು ನಾರುಗಟ್ಟಿ ಹೋಗಿದೆ? ಕ್ರಿಯಾಟಿನಿನ್ 2.3 ಇರುವ ಇಬ್ಬರು ರೋಗಿಗಳನ್ನು ಊಹಿಸಿಕೊಳ್ಳಿ. ಒಬ್ಬನ ಎಳೆಯಲ್ಲಿ ಉಂಡೆಗಳು ಊದಿಕೊಂಡಿವೆ, ಬಿಳಿ ರಕ್ತಕಣಗಳು ತುಂಬಿವೆ, ಸೋಸಿದ ನೀರು ಹರಿಯುವ ನಳಿಕೆಗಳು ಕೆಡದೆ ಉಳಿದಿವೆ, ಕಲೆ ಕಡಿಮೆ. ಇದು ಉರಿಯುತ್ತಿರುವ ಬೆಂಕಿ, ಆರಿಸಿದರೆ ಮನೆ ಉಳಿಯುತ್ತದೆ. ಇನ್ನೊಬ್ಬನ ಎಳೆಗೆ ಟ್ರೈಕ್ರೋಮ್ ಎಂಬ ಬಣ್ಣ ಹಾಕಿದರೆ ಮುಕ್ಕಾಲು ಪಾಲು ನೀಲಿ. ನೀಲಿ ಎಂದರೆ ನಾರು. ನಳಿಕೆಗಳು ಮುರುಟಿವೆ, ಉಂಡೆಗಳಲ್ಲಿ ಹೆಚ್ಚಿನವು ಮುದ್ದೆಯಾಗಿವೆ. ಅಲ್ಲಿ ಬೆಂಕಿ ಆರಿ ಎಷ್ಟೋ ಕಾಲವಾಯಿತು. ನೀರು ಸುರಿದರೆ ಬೂದಿ ಒದ್ದೆಯಾಗುತ್ತದೆ, ಅಷ್ಟೇ. ರಕ್ತ ಪರೀಕ್ಷೆಗೆ ಇವರಿಬ್ಬರೂ ಒಂದೇ. ನಾವು ವರದಿಯಲ್ಲಿ ನಾರಿನ ಪಾಲನ್ನು ಶೇಕಡಾವಾರಿನಲ್ಲಿ ಬರೆಯುತ್ತೇವೆ. ಐಜಿಎ ಆಗಿದ್ದರೆ ಎಂ, ಇ, ಎಸ್, ಟಿ, ಸಿ ಎಂಬ ಐದು ಅಕ್ಷರಗಳ ಮುಂದೆ ಅಂಕೆಗಳಿರುತ್ತವೆ. ಅದರಲ್ಲಿ ಟಿ ಎಂಬುದು ಈ ನಾರಿನ ಲೆಕ್ಕ: ಶೇ. 25ರವರೆಗೆ ಸೊನ್ನೆ, 26ರಿಂದ 50ರವರೆಗೆ ಒಂದು, ಅದರಿಂದ ಮೇಲೆ ಎರಡು. ವರದಿ ಕೈಗೆ ಬಂದಾಗ ನಾನಾಗಿದ್ದರೆ ಮೊದಲು ಕಣ್ಣು ಹಾಯಿಸುವುದು ಆ ಟಿ ಮೇಲೆ.

ಈಗ ನೆರೆಮನೆಯವರ ವಿಷಯ ತಾನಾಗಿ ತಿಳಿಯಾಗುತ್ತದೆ. ಅವರ ಕಡತ ನಾನು ನೋಡಿದವನಲ್ಲ. ಆದರೆ ಬಯಾಪ್ಸಿ ಆಗಿ ಆರು ತಿಂಗಳಲ್ಲಿ ಡಯಾಲಿಸಿಸ್ ಬಂತೆಂದರೆ, ಎಳೆ ತೆಗೆದ ದಿನವೇ ಆ ಕಿಡ್ನಿ ಬಹುಪಾಲು ನಾರಾಗಿತ್ತು, ಅಥವಾ ರೋಗ ತೀರಾ ವೇಗದ್ದಾಗಿತ್ತು ಎಂದು ತಿಳಿಯುವುದೇ ಸರಿ. ಮಳೆಗೆ ಮುಂಚೆ ಕಪ್ಪೆ ಕೂಗುತ್ತದೆ ಎಂದು ಮಳೆಗೆ ಕಪ್ಪೆಯನ್ನು ಹೊಣೆ ಮಾಡಲಾಗುತ್ತದೆಯೇ? ನಮ್ಮ ಕಡೆ ಜನ ಬಯಾಪ್ಸಿಗೆ ಒಪ್ಪುವುದೇ ಕೊನೆಯ ಗಳಿಗೆಯಲ್ಲಿ. ತಡವಾಗಿ ಮಾಡಿಸಿದ್ದಕ್ಕೆ ಕೆಟ್ಟ ಹೆಸರು ಬಯಾಪ್ಸಿಗೆ, ಆ ಹೆಸರಿನಿಂದಾಗಿ ಮುಂದಿನವರೂ ತಡ ಮಾಡುತ್ತಾರೆ.

ಭಾವನ ಪ್ರಶ್ನೆಗೆ ಈಗ ನೇರ ಉತ್ತರ ಕೊಡಬಹುದು. ಕೆಲವು ಮಾತ್ರೆಗಳು ಹೇಗೂ ಬೇಕಾಗುತ್ತವೆ: ಪ್ರೋಟೀನ್ ಸೋರಿಕೆ ತಗ್ಗಿಸುವ ಬಿ.ಪಿ. ಮಾತ್ರೆ, ಸಕ್ಕರೆಗೆಂದು ಬಂದು ಕಿಡ್ನಿಗೂ ಒಳ್ಳೆಯದೆಂದು ಸಾಬೀತಾದ ಡಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ. ಅಷ್ಟರ ಮಟ್ಟಿಗೆ ಅವರ ಮಾತು ನಿಜ. ಅಲ್ಲಿಂದಾಚೆಗೆ ದಾರಿಗಳು ಕವಲೊಡೆಯುತ್ತವೆ. ಉರಿಯುತ್ತಿರುವ ಐಜಿಎ ಆದರೆ ಸ್ಟೀರಾಯ್ಡ್ ಕೊಡುವ ಯೋಚನೆ ಬರುತ್ತದೆ. ಮೆಂಬ್ರೇನಸ್ ಎಂಬ ಬಗೆಯಾದರೆ ರಿಟುಕ್ಸಿಮ್ಯಾಬ್‌ನಂಥ ಇಂಜೆಕ್ಷನ್. ಬರೀ ಸಕ್ಕರೆಯ ಹಾನಿಯಾದರೆ ಇವೆರಡೂ ಬೇಡ. ನಾರೇ ಹೆಚ್ಚಿದ್ದರೆ ಸ್ಟೀರಾಯ್ಡ್ ಕೊಡದಿರುವುದೇ ಚಿಕಿತ್ಸೆ. ಸಕ್ಕರೆ ಕಾಯಿಲೆ ಇರುವ ಮನುಷ್ಯನಿಗೆ ಆರು ತಿಂಗಳು ಸ್ಟೀರಾಯ್ಡ್ ಎಂದರೆ ಸಕ್ಕರೆ ಎಲ್ಲಿಗೆ ಏರೀತು, ಎಷ್ಟು ಸೋಂಕು ತಗಲೀತು ಎಂದು ಯೋಚಿಸಿ. ಕೊಡಬೇಕಾದಲ್ಲಿ ಕೊಡದಿರುವುದೂ ತಪ್ಪು, ಕೊಡಬಾರದಲ್ಲಿ ಕೊಡುವುದು ಇನ್ನೂ ದೊಡ್ಡ ತಪ್ಪು. ಮುಂದೆಂದಾದರೂ ಕಿಡ್ನಿ ಕಸಿಯ ಮಾತು ಬಂದರೆ ಮೂಲರೋಗದ ಹೆಸರು ಗೊತ್ತಿರುವುದು ಬೇರೆಯೇ ರೀತಿಯಲ್ಲಿ ಕೆಲಸಕ್ಕೆ ಬರುತ್ತದೆ. ಕೆಲವು ರೋಗಗಳು ಕಸಿ ಮಾಡಿದ ಕಿಡ್ನಿಗೂ ಬರುತ್ತವೆ. ಆಲ್ಪೋರ್ಟ್‌ನಂಥ ಕೆಲವು ವಂಶದಲ್ಲಿ ಹರಿಯುತ್ತವೆ, ಆಗ ಕಿಡ್ನಿ ಕೊಡಲು ಮುಂದೆ ಬರುವ ಭಾವನನ್ನೇ ಮೊದಲು ಪರೀಕ್ಷಿಸಬೇಕಾಗುತ್ತದೆ.

ಎಳೆ ಕೆಲವೊಮ್ಮೆ ಅಡುಗೆಮನೆಯ ಬಾಗಿಲನ್ನೂ ತೆರೆಯುತ್ತದೆ. ಧ್ರುವೀಕರಿಸಿದ ಬೆಳಕು ಹಾಯಿಸಿದರೆ ನಳಿಕೆಗಳೊಳಗೆ ಬೀಸಣಿಗೆಯಂತೆ ಹರಡಿದ ಹರಳುಗಳು ಥಳಥಳಿಸುವುದುಂಟು. ಅವು ಆಕ್ಸಲೇಟ್, ಬಿಂಬುಳಿಯಂಥ ಹುಳಿಕಾಯಿಗಳಲ್ಲಿ ತುಂಬಿರುವ ವಸ್ತು. ಅಂಥ ಎಳೆ ಕಂಡಾಗ ನಾನು ವಾರ್ಡಿಗೆ ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ, "ಬಿಂಬುಳಿ ರಸ ಕುಡಿದಿದ್ದಾರೆಯೇ?" ಕೊಲೆಸ್ಟ್ರಾಲ್ ಇಳಿಯುತ್ತದೆ, ಸಕ್ಕರೆ ಇಳಿಯುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಬೆಳಗ್ಗೆ ಖಾಲಿ ಹೊಟ್ಟೆಗೆ ಲೋಟಗಟ್ಟಲೆ ಕುಡಿದವರು ನಮ್ಮ ಸುತ್ತಮುತ್ತ ಇದ್ದಾರೆ. 2013ರಲ್ಲಿ ಕೇರಳದ ವೈದ್ಯರು ಹೀಗೆ ಕಿಡ್ನಿ ಕೆಡಿಸಿಕೊಂಡ 10 ಮಂದಿಯ ವಿವರವನ್ನು ಪ್ರಕಟಿಸಿದರು. ಆರೋಗ್ಯವಂತರು ಮೀನಿನ ಸಾರಿಗೆ ಎರಡು ಬಿಂಬುಳಿ ಹಾಕಿದರೆ ಏನೂ ಆಗುವುದಿಲ್ಲ, ರಸ ಬೇರೆ ಮಾತು. ನಿಮ್ಮ ಯಜಮಾನರಿಗೆ ಬಿಂಬುಳಿ ರಸ ಬೇಡವೇ ಬೇಡ, ದಾರೆಹುಳಿಯನ್ನಂತೂ (ಸ್ಟಾರ್ ಫ್ರೂಟ್) ಮುಟ್ಟಲೂ ಬಾರದು. ಕಿಡ್ನಿ ಸೋತವರಲ್ಲಿ ಅದು ಮಿದುಳಿಗೇ ವಿಷವಾಗುತ್ತದೆ.

ಇನ್ನೊಂದು ಮುಖಕ್ಕೆ ಹಚ್ಚುವ ಕ್ರೀಮಿನ ಕಥೆ. 2023ರಲ್ಲಿ ಮಲಪ್ಪುರಂ ಜಿಲ್ಲೆಯ ವೈದ್ಯರು ಮೆಂಬ್ರೇನಸ್ ಬಗೆಯ ಕಿಡ್ನಿ ರೋಗದ ಬಯಾಪ್ಸಿಗಳಲ್ಲಿ ನೆಲ್-1 ಎಂಬ, ಸಾಮಾನ್ಯವಾಗಿ ವಿರಳವಾದ ಪ್ರೋಟೀನ್ ಮೇಲಿಂದ ಮೇಲೆ ಸಿಗುತ್ತಿರುವುದನ್ನು ಗಮನಿಸಿದರು. ಹಿಂದೆ ಹಿಂದೆ ಹೋಗಿ ವಿಚಾರಿಸಿದಾಗ ಹಲವರ ಮನೆಯಲ್ಲಿ ಸಿಕ್ಕಿದ್ದು ಮುಖ ಬೆಳ್ಳಗಾಗಿಸುವ, ತಯಾರಕರ ವಿಳಾಸ ಸರಿಯಾಗಿಲ್ಲದ ಕ್ರೀಂ ಡಬ್ಬಿಗಳು. ಒಳಗೆ ಪಾದರಸ. ಪಾದರಸ ಸೇರಿದ ನಾಟಿ ಮದ್ದು, ಭಸ್ಮಗಳಿಂದಲೂ ಇದೇ ನೆಲ್-1 ರೋಗ ಬರುವುದನ್ನು ಚೆನ್ನೈನವರು ಅದಕ್ಕೂ ಮುಂಚೆ ತೋರಿಸಿದ್ದರು. ಎಷ್ಟೋ ಮಂದಿಗೆ ಅದನ್ನು ನಿಲ್ಲಿಸಿದ ಮೇಲೆ ಸೋರಿಕೆ ತಗ್ಗಿದೆ. ಕಿಡ್ನಿಯ ಎಳೆಯೊಂದು ಕನ್ನಡಿಯ ಮುಂದಿನ ಡಬ್ಬಿಯನ್ನು ಬೆರಳು ಮಾಡಿ ತೋರಿಸಿತು ಎಂದರೆ ನನಗೆ ಇಂದಿಗೂ ಸೋಜಿಗ. ನಿಮ್ಮ ಮನೆಯಲ್ಲಿ ಯಾರು ಏನು ಹಚ್ಚುತ್ತಾರೆ, ಬೆನ್ನು ನೋವಿಗೆ ಎಷ್ಟು ನೋವಿನ ಮಾತ್ರೆ ಹೋಗಿದೆ, ಯಾವ ಕಷಾಯ, ಯಾವ ಲೇಹ್ಯ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಬಯಾಪ್ಸಿಯ ದಿನ ವೈದ್ಯರಿಗೆ ಕೊಡಿ. ಬೈದಾರು ಎಂದು ಮುಚ್ಚಿಡಬೇಡಿ.

ಎಂಡೋಸಲ್ಫಾನ್. ಈ ಪ್ರಶ್ನೆ ಬಂದೇ ಬರುತ್ತದೆ, ಬರಲೇಬೇಕು. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದದ್ದನ್ನು ಎಣ್ಮಕಜೆ, ಪಡ್ರೆ, ಸ್ವರ್ಗದ ಕಡೆಯವರು ಮರೆಯುವುದು ಹೇಗೆ? ಆದರೆ ಎಳೆಗೆ ಆ ವಿಷದ ಹೆಸರು ಹೇಳಲು ಬರುವುದಿಲ್ಲ. ಅದಕ್ಕೆಂದೇ ಆದ ಬಣ್ಣವಿಲ್ಲ, ಅದು ಬಿಟ್ಟುಹೋಗುವ ಪ್ರತ್ಯೇಕ ಗುರುತೂ ಇಲ್ಲ. ಎಳೆ ಹೇಳಬಲ್ಲದ್ದು ಹಾನಿ ಎಲ್ಲಿಂದ ಶುರುವಾಯಿತು ಎಂಬುದನ್ನು. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದಲ್ಲಿ, ಅದೂ ನಮ್ಮಂತೆಯೇ ತೆಂಗು ಗೇರಿನ ಸೀಮೆ, ಬಿ.ಪಿ.ಯೂ ಸಕ್ಕರೆಯೂ ಇಲ್ಲದ ಕೃಷಿಕರ ಕಿಡ್ನಿ ಹೋಗುವ ರೋಗವಿದೆ. ಶ್ರೀಲಂಕಾದಲ್ಲೂ ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳಲ್ಲೂ ಅದರ ಅಣ್ಣತಮ್ಮಂದಿರಿದ್ದಾರೆ. ಅಲ್ಲಿನ ಬಯಾಪ್ಸಿಗಳಲ್ಲಿ ಪೆಟ್ಟು ಮುಖ್ಯವಾಗಿ ಬೀಳುವುದು ನಳಿಕೆಗಳಿಗೆ ಮತ್ತು ಅವುಗಳ ನಡುವಿನ ಜಾಗಕ್ಕೆ. ಕತ್ತಲ ಕೋಣೆಯಲ್ಲಿ ಏನೂ ಬೆಳಗುವುದಿಲ್ಲ. ಮೂತ್ರದಲ್ಲಿ ಪ್ರೋಟೀನೂ ಅಲ್ಪ. ಬಿಸಿಲಿನ ದುಡಿಮೆ, ನೀರು, ಕೀಟನಾಶಕ ಎಂದು ಕಾರಣದ ಜಗಳ ಇನ್ನೂ ಮುಗಿದಿಲ್ಲ. ನಿಮ್ಮ ಯಜಮಾನರ 3+ ಪ್ರೋಟೀನ್, ರಕ್ತಕಣಗಳು ಆ ಚಿತ್ರಕ್ಕೆ ಹೊಂದುವುದಿಲ್ಲ. ಇವರಲ್ಲಿ ಪೆಟ್ಟು ಉಂಡೆಗೇ ಬಿದ್ದಿದೆ ಎಂದು ಮೂತ್ರ ಹೇಳುತ್ತಿದೆ. ಎಳೆ ಬೇರೆ ಹೇಳಿದರೆ ನನ್ನ ಮಾತನ್ನು ಹಿಂದೆಗೆದುಕೊಳ್ಳುತ್ತೇನೆ.

ಅಪಾಯದ ಲೆಕ್ಕವನ್ನು ಬಚ್ಚಿಡುವುದು ಸರಿಯಲ್ಲ. ಮುಖ್ಯವಾದದ್ದು ರಕ್ತಸ್ರಾವ. 100 ಮಂದಿಯಲ್ಲಿ ಮೂರು ನಾಲ್ಕು ಮಂದಿಗೆ ಮೂತ್ರ ಕಣ್ಣಿಗೆ ಕಾಣುವಷ್ಟು ಕೆಂಪಾಗುತ್ತದೆ, ಹೆಚ್ಚಿನವರಿಗೆ ತಾನಾಗಿ ತಿಳಿಯಾಗುತ್ತದೆ. ಒಬ್ಬಿಬ್ಬರಿಗೆ ರಕ್ತ ಕೊಡಬೇಕಾದೀತು. ರಕ್ತನಾಳ ಮುಚ್ಚಲು ಮತ್ತೊಂದು ಕ್ರಿಯೆ ಬೇಕಾಗುವುದು 1000ದಲ್ಲಿ ಮೂವರಿಗೆ. ಪ್ರಾಣಕ್ಕೇ ಸಂಚಕಾರ ಬರುವುದು 1000ದಲ್ಲಿ ಒಬ್ಬರಿಗಿಂತ ಕಡಿಮೆ. ಕ್ರಿಯಾಟಿನಿನ್ ಏರಿದಷ್ಟೂ, ಬಿ.ಪಿ. ಹತೋಟಿ ತಪ್ಪಿದಷ್ಟೂ ಈ ಅಂಕೆಗಳು ಏರುತ್ತವೆ, ಆದ್ದರಿಂದ ಇನ್ನಾರು ತಿಂಗಳು ಕಾದು ನೋಡೋಣ ಎಂಬುದರಲ್ಲಿ ಲಾಭವಿಲ್ಲ. ಬಿ.ಪಿ. 140/90ರ ಒಳಗೆ ಬರದೆ ಒಳ್ಳೆಯ ವೈದ್ಯರು ಸೂಜಿ ಹಿಡಿಯುವುದಿಲ್ಲ. ಹೃದಯಕ್ಕೆಂದು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುತ್ತಿದ್ದರೆ ಈಗಲೇ ಹೇಳಿ. ಸಾಮಾನ್ಯವಾಗಿ ಐದಾರು ದಿನ ಮೊದಲು ನಿಲ್ಲಿಸಬೇಕಾಗುತ್ತದೆ, ಆದರೆ ನೀವಾಗಿ ನಿಲ್ಲಿಸಬೇಡಿ. ಕಿಡ್ನಿಗಳು ಕುಗ್ಗಿ ಎಂಟೊಂಬತ್ತು ಸೆಂಟಿಮೀಟರಿಗೆ ಇಳಿದಿದ್ದರೆ ನಾನೇ ಬೇಡ ಎನ್ನುತ್ತಿದ್ದೆ: ಸಿಗುವುದು ಬರೀ ನಾರು, ಸುರಿಯುವುದು ರಕ್ತ. ಇವರದ್ದು ಸರಿಯಾದ ಗಾತ್ರದಲ್ಲಿವೆ ಎಂಬುದೇ ನನಗೆ ಧೈರ್ಯ ಕೊಡುವ ಸಂಗತಿ.

ಮಾಡಿಸಿದ ದಿನ ಆರೆಂಟು ಗಂಟೆ ಅಂಗಾತ ಮಲಗಿರಬೇಕು, ರಾತ್ರಿ ಅಲ್ಲೇ ಉಳಿಯಬೇಕು. ರಕ್ತಸ್ರಾವ ಆಗುವುದಿದ್ದರೆ ಬಹುಪಾಲು ಮೊದಲ 24 ಗಂಟೆಗಳೊಳಗೇ ಆಗುತ್ತದೆ. ಅಷ್ಟರೊಳಗೆ ಮನೆಗೆ ಹೋಗುವ ಆತುರ ಮಾಡಬಾರದು. ತಲಪಾಡಿ ದಾಟಿ ಹೆದ್ದಾರಿಯಲ್ಲಿ ಕುಂಬಳೆಯವರೆಗೆ ಬಂದು, ಅಲ್ಲಿಂದ ಒಳರಸ್ತೆಯಲ್ಲಿ ಕುಲುಕಿಸಿಕೊಂಡು ಬದಿಯಡ್ಕ ಸೇರುವ ಹೊತ್ತಿಗೆ ಏನಾದರೂ ಆದರೆ ಮತ್ತೆ ಅಷ್ಟೇ ದೂರ ತಿರುಗಬೇಕು. ಎರಡು ವಾರ ತೋಟದ ಕೆಲಸ ಬೇಡ. ಮದ್ದು ಬಿಡುವ ಡ್ರಮ್ ಎತ್ತುವುದು, ಗೋಣಿ ಹೊರುವುದು ಬಿಡಿ, ದೋಟಿಯನ್ನೂ ಹಿಡಿಯಬಾರದು. ಕಾರ್ಬನ್ ಫೈಬರಿನ ದೋಟಿ ಹಗುರ ಎಂದು ವಾದಿಸುತ್ತಾರೆ, ನನಗೆ ಗೊತ್ತಿದೆ. ಹಗುರವಾದದ್ದು ದೋಟಿ, ಮೇಲೆ ನೋಡಿ ಗೊನೆ ಎಳೆಯುವಾಗ ಸೊಂಟದ ಮೇಲೆ ಬೀಳುವ ಬಲ ಹಗುರವಲ್ಲ. ಗೊನೆ ತೆಗೆಯುವ ಹೊತ್ತು ಹತ್ತಿರವಿದ್ದರೆ ಜನ ಗೊತ್ತುಮಾಡಿಯೇ ದಿನಾಂಕ ತೆಗೆದುಕೊಳ್ಳಿ.

ವರದಿ ಇಂಗ್ಲಿಷಿನಲ್ಲಿರುತ್ತದೆ, ನಿಮ್ಮ ಆರೋಗ್ಯ ಕೇಂದ್ರದ ಚೀಟಿ ಮಲಯಾಳದಲ್ಲಿ, ಮನೆಯಲ್ಲಿ ಅರ್ಥವಾಗಬೇಕಾದದ್ದು ಕನ್ನಡದಲ್ಲಿ. ವೈದ್ಯರೆದುರು ಕುಳಿತಾಗ ಭಾವನನ್ನೂ ಕರೆದುಕೊಂಡು ಹೋಗಿ, ಎಷ್ಟು ಉಂಡೆ ಸಿಕ್ಕಿವೆ, ಅದರಲ್ಲಿ ಎಷ್ಟು ಸತ್ತಿವೆ, ನಾರು ಶೇಕಡಾ ಎಷ್ಟು ಎಂದು ಅವರ ಬಾಯಿಂದಲೇ ಕೇಳಿಸಿ. ಹತ್ತಕ್ಕಿಂತ ಕಡಿಮೆ ಉಂಡೆಗಳಿದ್ದರೆ ವರದಿಯ ಮಾತನ್ನು ಸ್ವಲ್ಪ ತೂಗಿ ನೋಡಬೇಕಾಗುತ್ತದೆ, ಅದನ್ನು ಬರೆದವರೇ ಒಪ್ಪಿಕೊಂಡಿರುತ್ತಾರೆ. ಇನ್ನೊಬ್ಬರ ಅಭಿಪ್ರಾಯ ಬೇಕೆನಿಸಿದರೆ, ವೆಲ್ಲೂರಿಗೋ ಬೆಂಗಳೂರಿಗೋ ಹೋಗುವ ಮನಸ್ಸಾದರೆ, ಮತ್ತೊಮ್ಮೆ ಚುಚ್ಚಿಸಿಕೊಳ್ಳಬೇಕಿಲ್ಲ. ಎಳೆ ಹುದುಗಿಸಿದ ಮೇಣದ ಬಿಲ್ಲೆ ಮತ್ತು ಬಣ್ಣ ಹಾಕಿದ ಗಾಜುಗಳು ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಇರುತ್ತವೆ. ಅರ್ಜಿ ಬರೆದು ಕೇಳಿದರೆ ಕೊಡುತ್ತಾರೆ, ಬೆಂಕಿಪೊಟ್ಟಣದಷ್ಟು ಜಾಗ ಸಾಕು. ತರುವಾಗ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಇಡಬೇಡಿ, ಮೇಣ ಕರಗುತ್ತದೆ.